ಹಾರ್ಟ್ ಅಟ್ಯಾಕ್ ಆದಾಗ ಹೃದಯಕ್ಕೆ ಏನು ಕೊಡಬೇಕು, ಏನು ಕೊಡಬಾರದು

ಡಿಸೆಂಬರ್ ಚಳಿ, ಬೆಳಗಿನ ಜಾವ ಐದು ಗಂಟೆ. ತಿಪಟೂರು ಹತ್ತಿರದ ನಮ್ಮ ಊರಲ್ಲಿ ಅಪ್ಪ ಜಗುಲಿ ಮೇಲೆ ಕೂತು ಎದೆ ನೀವಿಕೊಳ್ಳುತ್ತಿದ್ದರು. 'ಗ್ಯಾಸ್ಟ್ರಿಕ್ ಕಣಮ್ಮ, ರಾತ್ರಿ ಅವರೆಕಾಳು ಜಾಸ್ತಿ ಆಯ್ತು' ಅಂದರು. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಆ ಚಳಿಯಲ್ಲೂ ಅಪ್ಪನ ಬನಿಯನ್ ಬೆವರಿಗೆ ಒದ್ದೆ. ಚಿಕ್ಕಪ್ಪ ಬಂದವರೇ 'ಸುಸ್ತಾಗಿದೆ ಅಷ್ಟೆ, ಒಂದು ಬಾಟ್ಲು ಗ್ಲೂಕೋಸ್ ಹಾಕಿಸಿಬಿಡೋಣ' ಅಂದರು. ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ಅಲ್ಲಿ ಇಸಿಜಿ ತೆಗೆಯಲಿಲ್ಲ, ಕೇಳಿದ್ದಕ್ಕೆ ಗ್ಲೂಕೋಸ್ ಹಾಕಿದರು. ನಾನು ಸ್ಟೂಲ್ ಮೇಲೆ ಕೂತು ಹನಿ ಬೀಳುವುದನ್ನೇ ನೋಡುತ್ತಿದ್ದೆ. ಒಂದು ಗಂಟೆ ಹತ್ತು ನಿಮಿಷ.

ನಾನು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಗ್ಲೂಕೋಸ್ ಜೀವಕೋಶದ ಒಳಗೆ ಹೋಗಿ ಹೇಗೆ ಶಕ್ತಿಯಾಗುತ್ತದೆ ಅಂತ ಪ್ರತಿ ವರ್ಷ ಬೋರ್ಡ್ ಮೇಲೆ ಬರೆಯುತ್ತೇನೆ. ಆ ಹೊತ್ತಿನಲ್ಲಿ ಅದರ ಒಂದು ಸಾಲೂ ತಲೆಗೆ ಬರಲಿಲ್ಲ. ತೋಟದಲ್ಲಿ ಡ್ರಿಪ್ ಪೈಪ್ ಕಟ್ಟಿಕೊಂಡು ಕೊನೇ ಸಾಲಿನ ತೆಂಗು ಒಣಗುತ್ತಿದ್ದರೆ ಟ್ಯಾಂಕಿಗೆ ಗೊಬ್ಬರ ಕಲಸುತ್ತಾ ಕೂರುತ್ತೇವಾ? ನಾವು ಮಾಡಿದ್ದು ಅದನ್ನೇ.

ಅಪ್ಪನಿಗೆ ಆಗಿದ್ದು ಹಾರ್ಟ್ ಅಟ್ಯಾಕ್. ಉಳಿದರು. ಆಮೇಲೆ ನಾನು ಓದಿದ್ದು, ಡಾಕ್ಟರುಗಳನ್ನು ಕಾಡಿ ಕೇಳಿ ತಿಳಿದಿದ್ದು, ಮನೆಯಲ್ಲಿ ಮಾಡಿ ನೋಡಿದ್ದು, ಇವನ್ನೆಲ್ಲ ಸೇರಿಸಿ ಇದನ್ನು ಬರೆದಿದ್ದೇನೆ. ಮಾತ್ರೆ ಬದಲಾಯಿಸುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ್ ಕೆಲಸ. ಅದನ್ನು ಬಿಟ್ಟು ಮನೆಯವರು ಮಾಡಬಹುದಾದ್ದು ಬೇಕಾದಷ್ಟಿದೆ.

ಮೊದಲು ಹೃದಯದ ಹೊಟ್ಟೆಪಾಡು

ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಬೇಜಾರು ಮಾಡಿಕೊಳ್ಳದೆ ಓದಿ.

ಹೃದಯದ ತೂಕ ಸುಮಾರು 300 ಗ್ರಾಂ. ಅದು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಬಡಿಯಲು ಬೇಕಾದ ಶಕ್ತಿ ಎಟಿಪಿ ಅನ್ನುವ ಕಣದ ರೂಪದಲ್ಲಿ ಇರುತ್ತದೆ. ದಿನಕ್ಕೆ ಹೃದಯ ತಯಾರಿಸಿ ಖರ್ಚು ಮಾಡುವ ಎಟಿಪಿ ಸುಮಾರು 6 ಕೆ.ಜಿ. ಆದರೆ ಕೈಯಲ್ಲಿ ಇಟ್ಟುಕೊಂಡಿರುವುದು ಕೆಲವೇ ಸೆಕೆಂಡಿಗೆ ಸಾಕಾಗುವಷ್ಟು. ದಿನಗೂಲಿಯವರ ಮನೆಯ ಹಾಗೆ, ಅವತ್ತಿನ ದುಡಿಮೆ ಅವತ್ತಿಗೆ. ಕೂಡಿಟ್ಟದ್ದು ಏನೂ ಇಲ್ಲ.

ಒಲೆಗೆ ಏನು ಹಾಕುತ್ತದೆ? ಮಾಮೂಲಿ ದಿನಗಳಲ್ಲಿ ಹೆಚ್ಚಿನ ಪಾಲು ಕೊಬ್ಬು. ಉಳಿದದ್ದು ಗ್ಲೂಕೋಸ್, ಲ್ಯಾಕ್ಟೇಟ್, ಕೀಟೋನ್. ಹೃದಯಕ್ಕೆ ಇದೇ ಬೇಕು ಅನ್ನುವ ಹಟ ಇಲ್ಲ, ಸಿಕ್ಕಿದ್ದನ್ನು ಉರಿಸುತ್ತದೆ. ಹಟ ಇರುವುದು ಒಂದೇ ವಿಷಯದಲ್ಲಿ, ಆಕ್ಸಿಜನ್ ಬೇಕೇ ಬೇಕು. ಆಕ್ಸಿಜನ್ ಇದ್ದರೆ ಒಂದು ಗ್ಲೂಕೋಸ್ ಕಣದಿಂದ ಸುಮಾರು 30 ಎಟಿಪಿ. ಇಲ್ಲದಿದ್ದರೆ ಬರೀ 2. ಅದರ ಜೊತೆಗೆ ಆಮ್ಲ ಬೇರೆ ಕಟ್ಟಿಕೊಳ್ಳುತ್ತದೆ.

ಇನ್ನೊಂದು ವಿಷಯ ನನಗೆ ಪಾಠ ಮಾಡುವಾಗಲೂ ಸರಿಯಾಗಿ ಮನಸ್ಸಿಗೆ ಹತ್ತಿರಲಿಲ್ಲ. ನಾವು ಸುಮ್ನೆ ಕೂತಿರುವಾಗ ಇಡೀ ದೇಹ ರಕ್ತದಲ್ಲಿನ ಆಕ್ಸಿಜನ್‌ನಲ್ಲಿ ಕಾಲು ಭಾಗದಷ್ಟನ್ನು ಮಾತ್ರ ತೆಗೆದುಕೊಳ್ಳುತ್ತದೆ. ಹೃದಯ ಹಾಗಲ್ಲ. ತನ್ನ ಪಾಲಿಗೆ ಬಂದ ರಕ್ತದಿಂದ ಮೊದಲೇ 70-80% ಹೀರಿಕೊಂಡಿರುತ್ತದೆ. ಇನ್ನೂ ಬೇಕು ಅಂದರೆ ಅದೇ ರಕ್ತದಲ್ಲಿ ಹಿಂಡಲು ಮತ್ತೇನೂ ಉಳಿದಿಲ್ಲ, ಹೊಸ ರಕ್ತವೇ ಬರಬೇಕು. ರಕ್ತನಾಳದಲ್ಲಿ ಗಡ್ಡೆ ಕಟ್ಟಿ ದಾರಿ ಮುಚ್ಚಿದಾಗ ಆ ಭಾಗದ ಸ್ನಾಯು ಒಂದು ನಿಮಿಷದೊಳಗೆ ಹಿಂಡುವುದನ್ನೇ ನಿಲ್ಲಿಸುತ್ತದೆ. ಸುಮಾರು 20 ನಿಮಿಷದ ಮೇಲೆ ಸಾಯಲು ಶುರುವಾಗುತ್ತದೆ. ಒಳಗಿನ ಪದರ ಮೊದಲು, ಆಮೇಲೆ ಹೊರಗಿನದು. 1977ರಲ್ಲಿ ರೈಮರ್ ಮತ್ತು ಜೆನ್ನಿಂಗ್ಸ್ ಅನ್ನುವವರು ನಾಯಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಗಂಟೆಗಳು ಕಳೆದ ಹಾಗೆ ಸಾವು ಒಳಗಿನಿಂದ ಹೊರಕ್ಕೆ ಅಲೆಯ ಹಾಗೆ ಹರಡುತ್ತಾ ಹೋಗುತ್ತದೆ.

ಹಾಗಾಗಿ ಆ ಹೊತ್ತಿನಲ್ಲಿ ಹೃದಯಕ್ಕೆ ಕೊಡಬೇಕಾದ್ದು ಎರಡೇ. ಅದರ ಕೆಲಸ ಕಡಿಮೆ ಮಾಡಬೇಕು, ರಕ್ತದ ದಾರಿ ಬಿಡಿಸಬೇಕು. ಊಟ, ಟಾನಿಕ್, ಗ್ಲೂಕೋಸ್ ಎಲ್ಲ ಆಮೇಲಿನ ಮಾತು.

ಹೆಜ್ಜೆ 1: ಇದ್ದಲ್ಲೇ ಕೂರಿಸಿ

ಎದೆ ನಡುವೆ ಹಿಂಡಿದ ಹಾಗೆ, ಕಲ್ಲು ಹೇರಿದ ಹಾಗೆ ಭಾರ. ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು. ತಣ್ಣನೆ ಬೆವರು, ಉಸಿರು ಕಟ್ಟುವುದು, ವಾಂತಿ ಬಂದ ಹಾಗೆ. ಇವು 10-15 ನಿಮಿಷ ಕಳೆದರೂ ಹೋಗದಿದ್ದರೆ 'ಗ್ಯಾಸ್ಟ್ರಿಕ್ಕೋ ಹಾರ್ಟೋ' ಅಂತ ಮನೆಯಲ್ಲಿ ಚರ್ಚೆ ಬೇಡ. ಆ ಪ್ರಶ್ನೆಗೆ ಉತ್ತರ ಹೇಳುವುದು ಇಸಿಜಿ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎಷ್ಟೋ ಸಲ ನೋವು ಅಷ್ಟಾಗಿ ಇರುವುದೇ ಇಲ್ಲ. ಬರೀ ಬೆವರು, ಸುಸ್ತು, ಏದುಸಿರು.

ಗೋಡೆಗೋ ದಿಂಬಿಗೋ ಒರಗಿಸಿ ಅರ್ಧ ಕೂತ ಹಾಗೆ ಇರಿಸಿ. ಬಿಗಿ ಬಟ್ಟೆ ಸಡಿಲಿಸಿ. ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ಬಾತ್‌ರೂಮಿಗೆ ಒಬ್ಬರನ್ನೇ ಕಳಿಸಬೇಡಿ. 'ಒಂದು ರೌಂಡ್ ನಡೆದರೆ ಗಾಳಿ ಹೋಗುತ್ತೆ' ಅನ್ನುವವರು ಪ್ರತಿ ಊರಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ.

ಸುತ್ತ ಗಲಾಟೆ ಬೇಡ ಅನ್ನುವುದಕ್ಕೂ ಕಾರಣ ಇದೆ. ಗಾಬರಿಯಾದರೆ ಅಡ್ರಿನಲಿನ್ ಏರುತ್ತದೆ, ಬಡಿತ ಜೋರಾಗುತ್ತದೆ. ಹೃದಯದ ಎಡಭಾಗಕ್ಕೆ ರಕ್ತ ಹೆಚ್ಚಾಗಿ ಸಿಗುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ಹೆಚ್ಚಾದಷ್ಟೂ ಆ ಬಿಡುವು ಕಡಿಮೆಯಾಗುತ್ತದೆ. ಅಂದರೆ ಖರ್ಚು ಜಾಸ್ತಿ, ಆದಾಯ ಕಡಿಮೆ. ಅದೇ ಅಡ್ರಿನಲಿನ್ ದೇಹದ ಕೊಬ್ಬನ್ನೂ ಕರಗಿಸಿ ರಕ್ತಕ್ಕೆ ಬಿಡುತ್ತದೆ. ಅಷ್ಟೇ ಎಟಿಪಿ ಮಾಡಲು ಗ್ಲೂಕೋಸ್‌ಗಿಂತ ಕೊಬ್ಬಿಗೆ ಆಕ್ಸಿಜನ್ ಜಾಸ್ತಿ ಬೇಕು. ಅಮ್ಮ ಅಪ್ಪನ ಕೈ ಹಿಡಿದು 'ಏನೂ ಆಗಲ್ಲ, ಸುಮ್ನೆ ಕೂತ್ಕೊಳ್ಳಿ' ಅಂತ ಮೆಲ್ಲಗೆ ಹೇಳುತ್ತಿದ್ದರಲ್ಲ, ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ನಡೆದ ಸರಿಯಾದ ಚಿಕಿತ್ಸೆ ಅದೊಂದೇ.

ಹೆಜ್ಜೆ 2: 108, ಆಸ್ಪಿರಿನ್

108ಕ್ಕೆ ಫೋನ್ ಮಾಡಿ, ಎದೆನೋವು ಅಂತ ಸ್ಪಷ್ಟವಾಗಿ ಹೇಳಿ. ಆಂಬುಲೆನ್ಸ್ ಬರುವುದು ತಡ ಅಂತ ಗೊತ್ತಾದರೆ ಕಾರಿನಲ್ಲಿ ಹೊರಡಿ. ನೋವು ಬಂದವರು ಸ್ಟಿಯರಿಂಗ್ ಹಿಡಿಯಬಾರದು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗುವುದೂ ಬೇಡ.

ಮನೆಯಲ್ಲಿ 300 ಅಥವಾ 325 ಮಿ.ಗ್ರಾಂ. ಆಸ್ಪಿರಿನ್ ಇದ್ದರೆ ಒಂದನ್ನು ಅಗಿಯಲು ಕೊಡಿ. 75ರ ಮಾತ್ರೆ ಇದ್ದರೆ ನಾಲ್ಕು. ನುಂಗುವುದಲ್ಲ, ಅಗಿಯುವುದು. ದಿನಾ ತಗೊಳ್ಳುವ ಇಕೋಸ್ಪ್ರಿನ್‌ಗೆ (ಅದೂ ಆಸ್ಪಿರಿನ್ನೇ) ಹೊಟ್ಟೆಯಲ್ಲಿ ಕರಗದಿರಲಿ ಅಂತ ಕವಚ ಹಾಕಿರುತ್ತಾರೆ, ಅಗಿಯದಿದ್ದರೆ ಕೆಲಸ ಶುರುವಾಗುವುದು ತಡ. 1988ರಲ್ಲಿ ಬಂದ ಐಸಿಸ್-2 ಅನ್ನುವ ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಆಸ್ಪಿರಿನ್ ಒಂದರಿಂದಲೇ ಐದು ವಾರದೊಳಗಿನ ಸಾವು 23% ಕಡಿಮೆಯಾಯಿತು. ಗಡ್ಡೆ ಕರಗಿಸುವ ಇಂಜೆಕ್ಷನ್ ಕೂಡ ಸೇರಿದಾಗ 42%. ಒಂದೆರಡು ರೂಪಾಯಿ ಮಾತ್ರೆ! ಆಸ್ಪಿರಿನ್ ಅಲರ್ಜಿ ಇರುವವರಿಗೆ, ರಕ್ತ ವಾಂತಿ ಅಥವಾ ಕಪ್ಪು ಮಲ ಆಗುತ್ತಿರುವವರಿಗೆ, ಮಾತಾಡಲು ತೊದಲಿ ಮುಖ ಸೊಟ್ಟಗಾದವರಿಗೆ ಮಾತ್ರ ಕೊಡಬೇಡಿ.

ಸಾರ್ಬಿಟ್ರೇಟ್ ವಿಷಯ. ನಾಲಿಗೆ ಕೆಳಗೆ ಇಡುವ ಈ ಮಾತ್ರೆ ನಮ್ಮ ಕಡೆ ಅಂಗಿ ಜೇಬಿನಲ್ಲೇ ಇರುತ್ತದೆ. ರಕ್ತನಾಳ ಹಿಗ್ಗಿಸಿ ಹೃದಯದ ಹೊರೆ ಇಳಿಸುವುದು ನಿಜ. ಆದರೆ ಬಿಪಿ ಮೊದಲೇ ಇಳಿದಿದ್ದರೆ ಇನ್ನೂ ಕುಸಿಯುತ್ತದೆ, ಆಗ ಹೃದಯಕ್ಕೇ ರಕ್ತ ಹೋಗುವುದಿಲ್ಲ. ಹಿಂದಿನ ಒಂದೆರಡು ದಿನದಲ್ಲಿ ವಯಾಗ್ರ ತರಹದ ಮಾತ್ರೆ ತಗೊಂಡಿದ್ದರಂತೂ ಜೀವಕ್ಕೇ ಅಪಾಯ. ಡಾಕ್ಟರ್ ಮೊದಲೇ ಬರೆದುಕೊಟ್ಟಿದ್ದರೆ, ತಲೆ ಸುತ್ತು ಇಲ್ಲದಿದ್ದರೆ, ಕೂತುಕೊಂಡೇ ತಗೊಳ್ಳಲಿ. ಪಕ್ಕದ ಮನೆಯವರ ಮಾತ್ರೆ ಬೇಡ.

ಬಾಯಿಗೆ ಬೇರೆ ಏನನ್ನೂ ಹಾಕಬೇಡಿ. ಸಕ್ಕರೆ ನೀರು, ಕಾಫಿ, ಸೋಡಾ, ಎಳನೀರು ಯಾವುದೂ ಬೇಡ. ವಾಂತಿಯಾದರೆ ಉಸಿರಿನ ದಾರಿಗೆ ಹೋಗುತ್ತದೆ. ಗ್ಲುಕೋಮೀಟರಿನಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಕಂಡರೆ ಮಾತ್ರ ಸಕ್ಕರೆ ಕೊಡಿ.

ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರು ಕಾಣದಿದ್ದರೆ ತಕ್ಷಣ ಎದೆ ಒತ್ತಲು ಶುರು ಮಾಡಿ. ಎದೆ ನಡುವಿನ ಮೂಳೆ ಮೇಲೆ ಎರಡೂ ಅಂಗೈ, ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ, ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ.

ಹೆಜ್ಜೆ 3: ದಾರಿ ಬಿಡಿಸುವುದು

ಯಾವ ಆಸ್ಪತ್ರೆ? ಇಸಿಜಿ ತೆಗೆದು, ಓದಿ, ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಬಲ್ಲ ಹತ್ತಿರದ ಆಸ್ಪತ್ರೆ. ಬೆಂಗಳೂರಿಗೇ ಹೋಗೋಣ ಅಂತ ಮೂರು ಗಂಟೆ ರಸ್ತೆ ಮೇಲೆ ಕಳೆಯಬೇಡಿ.

ಇಸಿಜಿಯಲ್ಲಿ ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿದೆ ಅಂತ ಕಂಡರೆ ಎರಡು ದಾರಿ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಸಣ್ಣ ಕೊಳವೆ ತೂರಿಸಿ ಬಲೂನಿನಿಂದ ನಾಳ ಬಿಡಿಸುವುದು) ಮಾಡಲು ಆಗುವಂತಿದ್ದರೆ ಅದೇ ಒಳ್ಳೆಯದು. ಆಗದಿದ್ದರೆ ಗಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ನೋವು ಶುರುವಾಗಿ 12 ಗಂಟೆಯೊಳಗೆ ಇಂಜೆಕ್ಷನ್ ಕೊಡಬಹುದು, ಮೊದಲ ಎರಡು ಮೂರು ಗಂಟೆಯಲ್ಲಿ ಅದರ ಫಲ ತುಂಬಾ ಜಾಸ್ತಿ. ಟೆನೆಕ್ಟಿಪ್ಲೇಸ್ ಅನ್ನುವ ಇಂಜೆಕ್ಷನ್ ಆದರೆ ಒಂದೇ ಸಲ ಚುಚ್ಚಿ ಮುಗಿಸುತ್ತಾರೆ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಅದರಡಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯವರು ನೋಡಿ ಹೇಳುತ್ತಾರೆ, ಈ ದುಬಾರಿ ಇಂಜೆಕ್ಷನ್ ಪುಕ್ಕಟೆ. ಅಪ್ಪನಿಗೆ ತಾಲೂಕು ಆಸ್ಪತ್ರೆಯಲ್ಲೇ ಸಿಕ್ಕಿತು. ನಿಮ್ಮ ತಾಲೂಕಿನಲ್ಲಿ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಅಂತ ಇವತ್ತೇ, ಯಾರಿಗೂ ಏನೂ ಆಗದಿರುವಾಗಲೇ, ಕೇಳಿ ಇಟ್ಟುಕೊಳ್ಳಿ.

ಹಿಂದೆ ಪಾರ್ಶ್ವವಾಯು ಆಗಿತ್ತಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ, ಅಲ್ಸರ್‌ನಿಂದ ರಕ್ತ ಹೋಗಿತ್ತಾ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಾರಾ? ಇಂಜೆಕ್ಷನ್‌ಗೆ ಮೊದಲು ಕೇಳುವ ಪ್ರಶ್ನೆಗಳು ಇವು. ಹಳೇ ಫೈಲ್ ಹುಡುಕುತ್ತಾ ಕೂರಬೇಡಿ, ಗೊತ್ತಿದ್ದಷ್ಟನ್ನು ಹೇಳಿ.

ಭಾರತದ 89 ಆಸ್ಪತ್ರೆಗಳ 20,468 ರೋಗಿಗಳ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ಆಸ್ಪತ್ರೆ ಮುಟ್ಟಿದ್ದು ನೋವು ಶುರುವಾಗಿ 6 ಗಂಟೆ ಕಳೆದ ಮೇಲೆ. ಆಸ್ಪತ್ರೆ ಒಳಗೆ ಹೋದ ಮೇಲೆ ಇಂಜೆಕ್ಷನ್‌ಗೆ ತಗುಲಿದ್ದು ಸುಮಾರು 50 ನಿಮಿಷ. ಅಂದರೆ ಹೊತ್ತು ಹಾಳಾಗುವುದು ಹೆಚ್ಚಾಗಿ ನಮ್ಮ ಜಗುಲಿ ಮೇಲೆ.

ಗ್ಲೂಕೋಸ್ ಬಾಟ್ಲಿನ ಕಥೆ

ಚಿಕ್ಕಪ್ಪನನ್ನು ಪೂರ್ತಿ ಬೈಯುವ ಹಾಗಿಲ್ಲ. ಅವರ ಆಲೋಚನೆಯನ್ನೇ ದೊಡ್ಡ ವಿಜ್ಞಾನಿಗಳೂ ಮಾಡಿದ್ದರು. 1962ರಲ್ಲಿ ಮೆಕ್ಸಿಕೋದ ಸೋಡಿ-ಪಲ್ಲಾರೆಸ್ ಅನ್ನುವ ಡಾಕ್ಟರ್ ಗ್ಲೂಕೋಸ್, ಇನ್ಸುಲಿನ್, ಪೊಟ್ಯಾಸಿಯಂ ಮೂರನ್ನೂ ಸೇರಿಸಿ ಡ್ರಿಪ್ ಹಾಕುವುದನ್ನು ಮುಂದಿಟ್ಟರು. ತರ್ಕ ಚೆನ್ನಾಗಿಯೇ ಇದೆ. ಇನ್ಸುಲಿನ್ ಗ್ಲೂಕೋಸನ್ನು ಒಳಗೆ ನೂಕುತ್ತದೆ, ರಕ್ತದಲ್ಲಿ ಕೊಬ್ಬನ್ನು ಇಳಿಸುತ್ತದೆ. ಸೋರಿಹೋದ ಪೊಟ್ಯಾಸಿಯಂ ಕೋಶಕ್ಕೆ ವಾಪಸ್ ಬರುತ್ತದೆ. ಕಡಿಮೆ ಆಕ್ಸಿಜನ್‌ನಲ್ಲಿ ಹೆಚ್ಚು ಶಕ್ತಿ. ಕಾಗದದ ಮೇಲೆ ನಾನೂ ಒಪ್ಪುತ್ತಿದ್ದೆ.

ನಲವತ್ತು ವರ್ಷ ಸಣ್ಣ ಸಣ್ಣ ಅಧ್ಯಯನಗಳು ನಡೆದವು. ಕೆಲವು ಹೌದು ಅಂದವು, ಕೆಲವು ಇಲ್ಲ ಅಂದವು. ಕೊನೆಗೆ 2005ರಲ್ಲಿ ಕ್ರಿಯೇಟ್-ಎಕ್ಲಾ ಅನ್ನುವ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. 20,201 ರೋಗಿಗಳು. ಭಾರತ, ಚೀನಾ ಸೇರಿ ಹಲವು ದೇಶಗಳು, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರೂ ಅದರಲ್ಲಿದ್ದರು. ಅರ್ಧ ಜನಕ್ಕೆ 24 ಗಂಟೆ ಈ ಡ್ರಿಪ್, ಉಳಿದ ಅರ್ಧಕ್ಕೆ ಮಾಮೂಲಿ ಚಿಕಿತ್ಸೆ. 30 ದಿನದಲ್ಲಿ ಡ್ರಿಪ್ ಹಾಕಿದವರಲ್ಲಿ ಸತ್ತವರು 10.0%, ಹಾಕದವರಲ್ಲಿ 9.7%. ಏನೂ ವ್ಯತ್ಯಾಸ ಇಲ್ಲ.

2012ರಲ್ಲಿ ಅಮೆರಿಕದಲ್ಲಿ ಇನ್ನೂ ಬೇಗ, ಆಂಬುಲೆನ್ಸ್ ಒಳಗೇ ಕೊಟ್ಟು ನೋಡಿದರು. ಅಟ್ಯಾಕ್ ಪೂರ್ತಿಯಾಗುವುದನ್ನು ತಡೆಯಲು ಆಗಲಿಲ್ಲ. ಹೃದಯ ನಿಲ್ಲುವುದು ಅಥವಾ ಆಸ್ಪತ್ರೆಯಲ್ಲಿ ಸಾಯುವುದು, ಎರಡನ್ನೂ ಸೇರಿಸಿ ಎಣಿಸಿದಾಗ ಕಡಿಮೆ ಕಂಡಿತು. ಆಸೆ ಹುಟ್ಟಿಸುವ ಸುಳಿವು, ಅಷ್ಟೆ. ಇವತ್ತು ಇದು ದಿನನಿತ್ಯದ ಚಿಕಿತ್ಸೆಯಲ್ಲಿ ಇಲ್ಲ. ಅಂದಹಾಗೆ, ಇದರಲ್ಲಿ ಬಳಸಿದ್ದು ಲೆಕ್ಕ ಹಾಕಿ ಇನ್ಸುಲಿನ್ ಸೇರಿಸಿದ ಡ್ರಿಪ್. ನಮ್ಮ ಊರಿನ ಬರೀ ಗ್ಲೂಕೋಸ್ ಬಾಟ್ಲಿಗೆ ಇಷ್ಟು ಗೌರವವೂ ಸಲ್ಲುವುದಿಲ್ಲ. ಸಕ್ಕರೆ ಏರಿಸಿ, ಹೃದಯ ಸೋತಿದ್ದರೆ ಶ್ವಾಸಕೋಶಕ್ಕೆ ನೀರು ತುಂಬಿಸಬಹುದು.

ಹೆಜ್ಜೆ 4: ಐಸಿಯು ಹೊರಗೆ ಕೂತವರು ಕೇಳಬೇಕಾದ ಪ್ರಶ್ನೆ

ಡಾಕ್ಟರ್ ಹೊರಗೆ ಬಂದಾಗ 'ಹೇಗಿದ್ದಾರೆ ಸಾರ್' ಅಂದರೆ 'ಸ್ಟೇಬಲ್' ಅನ್ನುತ್ತಾರೆ, ಅಲ್ವಾ? ಅದರ ಬದಲು ನಾಲ್ಕು ನಂಬರ್ ಕೇಳಿ.

ಆಕ್ಸಿಜನ್ ಎಷ್ಟಿದೆ? ಬೆರಳಿನ ಮೀಟರಿನಲ್ಲಿ 90ರ ಮೇಲಿದ್ದರೆ ಮಾಸ್ಕ್ ಹಾಕಿಲ್ಲ ಅಂತ ಜಗಳ ತೆಗೆಯಬೇಡಿ. 2017ರಲ್ಲಿ ಸ್ವೀಡನ್‌ನಲ್ಲಿ 6,629 ಜನರ ಮೇಲೆ ಪರೀಕ್ಷೆ ಮಾಡಿದರು. ಮೊದಲೇ ಸಾಕಷ್ಟು ಆಕ್ಸಿಜನ್ ಇದ್ದವರಿಗೆ ಮತ್ತೆ ಕೊಟ್ಟದ್ದರಿಂದ ಸಾವು ಕಡಿಮೆಯಾಗಲಿಲ್ಲ. ಅಪ್ಪನ ಪಕ್ಕದ ಬೆಡ್‌ನವರ ಮಗ 'ನಮ್ಮ ತಂದೆಗೆ ಆಕ್ಸಿಜನ್ನೂ ಹಾಕಿಲ್ಲ' ಅಂತ ನರ್ಸ್ ಮೇಲೆ ಕೂಗಾಡುತ್ತಿದ್ದ. ಮಾನಿಟರಿನಲ್ಲಿ 97 ಇತ್ತು.

ಸಕ್ಕರೆ ಎಷ್ಟು? ಅಟ್ಯಾಕ್ ಆದ ಗಾಬರಿಗೆ ಸಕ್ಕರೆ ಕಾಯಿಲೆ ಇಲ್ಲದವರಿಗೂ ಏರುತ್ತದೆ. 180ರ ಕೆಳಗೆ ಇಟ್ಟುಕೊಂಡರೆ ಸಾಕು. ತೀರಾ ಬಿಗಿ ಹಿಡಿಯಲು ಹೋಗಿ 70ಕ್ಕಿಂತ ಕೆಳಗೆ ಹೋದರೆ ಹೃದಯಕ್ಕೆ ಇನ್ನೂ ಕೆಟ್ಟದ್ದು. ಹಾಗಾಗಿ ಮನೆಯಿಂದ ಬೂಂದಿ ಲಾಡು ತರುವುದೂ ಬೇಡ, ಊಟ ಕೊಡದೆ ಇನ್ಸುಲಿನ್ ಹಾಕಿಸುವುದೂ ಬೇಡ.

ಪೊಟ್ಯಾಸಿಯಂ ಎಷ್ಟು? 3.5ಕ್ಕಿಂತ ಇಳಿದರೆ ಹೃದಯದ ತಾಳ ತಪ್ಪುತ್ತದೆ. ಮೂತ್ರ ಹೋಗುವ ಇಂಜೆಕ್ಷನ್ ಕೊಡುತ್ತಿದ್ದರೆ ಇದು ಬೇಗ ಇಳಿಯುತ್ತದೆ.

ಹಿಮೋಗ್ಲೋಬಿನ್ ಎಷ್ಟು? ಇದನ್ನು ಯಾರೂ ಕೇಳುವುದಿಲ್ಲ. ಆಕ್ಸಿಜನ್ ಹೊರುವ ಲಾರಿ ಅದೇ. ನಾಳ ಬಿಡಿಸಿದರೂ ಲಾರಿಗಳೇ ಇಲ್ಲದಿದ್ದರೆ ಸರಕು ಹೇಗೆ ಬರುತ್ತದೆ? ನಮ್ಮ ಹೆಂಗಸರಲ್ಲಿ ರಕ್ತ ಕಡಿಮೆ ಇರುವುದು ಮಾಮೂಲಿ, ಅವರ ವಿಷಯದಲ್ಲಂತೂ ತಪ್ಪದೆ ಕೇಳಿ. ಬೀಡಿ ಸಿಗರೇಟ್ ಸೇದುವವರ ಲಾರಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಹತ್ತಿ ಕೂತಿರುತ್ತದೆ. ಅದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುವ ಅನಿಲ. ಬೀಡಿ ಬಿಟ್ಟ ಒಂದೆರಡು ದಿನದಲ್ಲೇ ಆ ಜಾಗ ಖಾಲಿಯಾಗುತ್ತದೆ. ಇಷ್ಟು ಬೇಗ ಫಲ ಕೊಡುವ ಬೇರೆ ಔಷಧಿ ನನಗೆ ಕಂಡಿಲ್ಲ.

ಮುಜುಗರದ ಮಾತು ಒಂದಿದೆ, ಹೇಳಿಬಿಡುತ್ತೇನೆ. ಮಲಗಿದ್ದಲ್ಲೇ ಇರುವುದರಿಂದ ಮಲಬದ್ಧತೆ ಆಗುತ್ತದೆ. ಉಸಿರು ಬಿಗಿ ಹಿಡಿದು ತಿಣುಕಿದರೆ ಬಿಪಿ ಏರಿ ಇಳಿದು ಹೃದಯಕ್ಕೆ ದಣಿವು. ನಾಚಿಕೊಳ್ಳದೆ ನರ್ಸ್‌ಗೆ ಹೇಳಿ, ಸಿರಪ್ ಕೊಡುತ್ತಾರೆ.

ಹೆಜ್ಜೆ 5: ಮನೆಗೆ ಬಂದ ಮೇಲೆ, ಮಂಕಾದ ಸ್ನಾಯು

ಡಿಸ್ಚಾರ್ಜ್ ದಿನ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಅಪ್ಪನ ಇಎಫ್ 38 ಅಂತಿತ್ತು. ಹೃದಯ ಒಂದು ಸಲ ಹಿಂಡಿದಾಗ ಒಳಗಿದ್ದ ರಕ್ತದಲ್ಲಿ ಎಷ್ಟು ಪಾಲು ಹೊರಗೆ ಹಾಕುತ್ತದೆ ಅನ್ನುವ ಲೆಕ್ಕ ಇದು. 55 ಅಥವಾ ಮೇಲಿದ್ದರೆ ಸರಿ. ಅಮ್ಮ 38 ಅಂಕ ನೋಡಿ ಫೇಲ್ ಆದ ಹಾಗೆ ಅತ್ತರು.

ಆದರೆ ಆ ನಂಬರ್ ಪೂರ್ತಿ ನಿಜ ಅಲ್ಲ. ರಕ್ತ ವಾಪಸ್ ಬಂದ ಮೇಲೂ ಬದುಕುಳಿದ ಸ್ನಾಯು ಕೆಲವು ದಿನ, ಕೆಲವು ವಾರ ಮಂಕಾಗಿ ಇರುತ್ತದೆ. ಸತ್ತಿಲ್ಲ, ಆದರೆ ಹಿಂಡುತ್ತಿಲ್ಲ. ಎಟಿಪಿ ಕಟ್ಟಲು ಬೇಕಾದ ಕಚ್ಚಾ ಸಾಮಾನು ಅಟ್ಯಾಕ್ ಹೊತ್ತಿನಲ್ಲಿ ಕೋಶದಿಂದ ಸೋರಿಹೋಗಿರುತ್ತದೆ, ಅದನ್ನು ಮತ್ತೆ ಕೂಡಿಸಿಕೊಳ್ಳಲು ದಿನಗಳು ಬೇಕು. ಅದಕ್ಕೇ ಆರರಿಂದ ಹನ್ನೆರಡು ವಾರದ ಮೇಲೆ ಎಕೋ ಮತ್ತೆ ಮಾಡಿಸಬೇಕು. ಅಪ್ಪನದು ಮೂರನೇ ತಿಂಗಳಿಗೆ 47 ಆಗಿತ್ತು.

ಆ ವಾರಗಳಲ್ಲಿ ಹೃದಯಕ್ಕೆ ಬೆಂಬಲ ಅಂದರೆ ಹೆಚ್ಚಿನ ಮಟ್ಟಿಗೆ ಮಾತ್ರೆಗಳೇ. ಸ್ಟೆಂಟ್ (ನಾಳ ಮತ್ತೆ ಮುಚ್ಚದಂತೆ ಒಳಗೆ ಇಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡವರ ಎರಡು ರಕ್ತ ತೆಳು ಮಾಡುವ ಮಾತ್ರೆಗಳನ್ನು ಹಲ್ಲು ಕೀಳಿಸಲು ಹೋದಾಗಲೂ ತಾವಾಗಿ ನಿಲ್ಲಿಸಬಾರದು. ಕೊಲೆಸ್ಟರಾಲ್ ಮಾತ್ರೆ ಬರೀ ರಿಪೋರ್ಟ್ ಚೆನ್ನಾಗಿಸಲು ಅಲ್ಲ. ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟರಾಲ್ 70ರ ಕೆಳಗೆ, ಸಾಧ್ಯವಾದರೆ 55ರ ಕೆಳಗೆ ಬರಬೇಕು. 'ನಾರ್ಮಲ್ ಬಂತು' ಅಂತ ಬಿಡುವವರೇ ಜಾಸ್ತಿ. ಹೃದಯದ ಬಡಿತ ಇಳಿಸುವ ಮಾತ್ರೆ, ಬಿಪಿ ಇಳಿಸಿ ಹೃದಯ ಹಿಗ್ಗದಂತೆ ನೋಡಿಕೊಳ್ಳುವ ಮಾತ್ರೆ, ಇವು ಇಎಫ್ ಕಡಿಮೆ ಇರುವವರಿಗೆ ತುಂಬಾ ಮುಖ್ಯ.

ಜ್ವರ ಬಂದರೆ ಹೃದಯದ ಖರ್ಚು ಏರುತ್ತದೆ. ಅದಕ್ಕೇ ಫ್ಲೂ ಲಸಿಕೆ. 2021ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಟ್ಯಾಕ್ ಆದ ಕೆಲವೇ ದಿನದಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ ಒಂದು ವರ್ಷದೊಳಗಿನ ಸಾವು ಕಡಿಮೆ ಇತ್ತು. ನಮ್ಮ ಕಡೆ ಇದನ್ನು ಕೇಳುವವರೂ ಇಲ್ಲ, ಹೇಳುವವರೂ ಕಡಿಮೆ.

ಹೆಜ್ಜೆ 6: ಊಟ

'ಪಥ್ಯ' ಅಂತ ಗಂಜಿ ಕುಡಿಸಿ ಸೊರಗಿಸಬೇಡಿ, 'ಶಕ್ತಿ ಬರಲಿ' ಅಂತ ತುಪ್ಪ ಸುರಿಯಲೂ ಬೇಡಿ. ಮೊದಲ ವಾರಗಳಲ್ಲಿ ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ. ಹೊಟ್ಟೆ ಬಿರಿಯ ಉಂಡರೆ ಜೀರ್ಣಕ್ಕೆ ಅಂತ ಹೊಟ್ಟೆ ಕಡೆ ರಕ್ತ ಹರಿಯುತ್ತದೆ, ಹೃದಯ ಜಾಸ್ತಿ ದುಡಿಯಬೇಕು. ಉಂಡ ಮೇಲೆ ಒಂದು ಗಂಟೆ ನಡಿಗೆಯೂ ಬೇಡ, ಸ್ನಾನವೂ ಬೇಡ.

ಮುದ್ದೆ ಇರಲಿ, ಗಾತ್ರ ಇಳಿಯಲಿ. ಅಪ್ಪನ ಮುದ್ದೆ ಈಗ ನಿಂಬೆಹಣ್ಣಿಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು. ಆ ಜಾಗಕ್ಕೆ ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ ಬಂದಿದೆ. ಉಪ್ಪು ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಇವೇ ಅರ್ಧ ಲೆಕ್ಕ ತಿಂದುಬಿಡುತ್ತವೆ. ಬೋಂಡ ಕರಿದ ಎಣ್ಣೆಯನ್ನು ನಾಳಿನ ಒಗ್ಗರಣೆಗೆ ಎತ್ತಿಡಬೇಡಿ.

ಕೊಬ್ಬರಿ ಬಗ್ಗೆ ನಾನು ಬರೆಯುವುದು ನಮ್ಮ ಊರಿನವರಿಗೆ ಇಷ್ಟ ಆಗುವುದಿಲ್ಲ. ಕೊಬ್ಬರಿ ಎಣ್ಣೆಯ ಕೊಬ್ಬಿನಲ್ಲಿ 80-90% ಎಲ್‌ಡಿಎಲ್ ಏರಿಸುವ ಜಾತಿಯದು. ಪಲ್ಯದ ಮೇಲೆ ಒಂದು ಚಮಚ ತುರಿಗೆ ಅಡ್ಡಿಯಿಲ್ಲ. ಆದರೆ ಅಟ್ಯಾಕ್ ಆದವರ ಮನೆಯಲ್ಲಿ ಅಡುಗೆ ಎಣ್ಣೆಯಾಗಿ ಅದು ಬೇಡ. ಕೊಬ್ಬರಿ ಮಾರಿಯೇ ಓದಿದವಳು ನಾನು, ಆದರೂ ಹೇಳಬೇಕಲ್ಲ.

ಎಳನೀರು ಇನ್ನೂ ಸೂಕ್ಷ್ಮ. ನೋಡಲು ಬಂದವರೆಲ್ಲ ತಂದು ಕೊಡುವುದು ಅದನ್ನೇ. ಅದರ ತುಂಬಾ ಪೊಟ್ಯಾಸಿಯಂ. ಬಿಪಿಗೆ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟನ್ ತರಹದ ಮಾತ್ರೆಗಳು, ಹೃದಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಹೊರಗೆ ಹೋಗದಂತೆ ಹಿಡಿದಿಡುತ್ತವೆ. ಕಿಡ್ನಿಯೂ ಸೋತಿದ್ದರೆ ಅದು ಏರಿ ಹೃದಯವೇ ನಿಲ್ಲಬಹುದು. ಅಪ್ಪ ಬೇಸಿಗೆಯಲ್ಲಿ ದಿನಕ್ಕೆ ಮೂರು ಕುಡಿಯುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.6 ಬಂತು, ಡಾಕ್ಟರ್ ಎಳನೀರು ನಿಲ್ಲಿಸಿಸಿದರು. 'ಕಡಿಮೆ ಸೋಡಿಯಂ ಉಪ್ಪು' ಅಂತ ಮಾರುವುದರಲ್ಲೂ ಇರುವುದು ಪೊಟ್ಯಾಸಿಯಮ್ಮೇ. ಈ ಮಾತ್ರೆ ತಗೊಳ್ಳುವವರು ಕೇಳದೆ ಅದಕ್ಕೆ ಬದಲಾಯಿಸಬೇಡಿ.

ಹೆಜ್ಜೆ 7: ನಡಿಗೆ

ತಿಂಗಳುಗಟ್ಟಲೆ ಮಲಗಿಸುವುದು ಹಳೇ ಕಾಲದ ಪದ್ಧತಿ. ನಡೆದರೆ ಸ್ನಾಯುಗಳು ಸಿಕ್ಕಿದ ಆಕ್ಸಿಜನ್‌ನಲ್ಲೇ ಹೆಚ್ಚು ಕೆಲಸ ಮಾಡಲು ಕಲಿಯುತ್ತವೆ, ಹೃದಯದ ಹೊರೆ ಇಳಿಯುತ್ತದೆ. ಡಾಕ್ಟರ್ ಹೂಂ ಅಂದ ಮೇಲೆ ಮೊದಲ ವಾರ ಅಂಗಳದಲ್ಲೇ 5-10 ನಿಮಿಷ, ದಿನಕ್ಕೆ ಎರಡು ಮೂರು ಸಲ. ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಆರನೇ ವಾರಕ್ಕೆ ಒಂದೇ ಸಲ ಅರ್ಧ ಗಂಟೆ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಸರಿಯಾದ ವೇಗ. ಬಡಿತ ಇಳಿಸುವ ಮಾತ್ರೆ ತಗೊಳ್ಳುವವರಿಗೆ ವಾಚಿನ ನಂಬರ್ ಮೋಸ ಮಾಡುತ್ತದೆ, ಈ ಮಾತಿನ ಪರೀಕ್ಷೆ ಮೋಸ ಮಾಡುವುದಿಲ್ಲ.

ಭಾರ ಎತ್ತುವುದಕ್ಕೆ ಸದ್ಯಕ್ಕೆ ಕೈ ಹಾಕಬೇಡಿ. ತುಂಬಿದ ಗ್ಯಾಸ್ ಸಿಲಿಂಡರ್ 30 ಕೆ.ಜಿ. ಹತ್ತಿರ ತೂಗುತ್ತದೆ. ಉಸಿರು ಬಿಗಿ ಹಿಡಿದು ಎತ್ತಿದರೆ ಬಿಪಿ ಒಮ್ಮೆಲೇ ಹಾರುತ್ತದೆ. ಕೊಡ, ಮೂಟೆ, ಕಾಯಿ ಸುಲಿಯುವುದು ಎಲ್ಲ ಡಾಕ್ಟರ್ ಹೇಳಿದ ಮೇಲೆ.

ಡಬ್ಬಿಗಳು, ಕ್ಯಾಪ್ಸೂಲ್‌ಗಳು

'ಹೃದಯಕ್ಕೆ ಶಕ್ತಿ ಕೊಡುತ್ತೆ' ಅಂತ ಮೆಡಿಕಲ್ ಶಾಪಿನಲ್ಲೂ ಫೋನಿನಲ್ಲೂ ಮಾರುವುದು ಬೇಕಾದಷ್ಟಿದೆ. ವಿಟಮಿನ್ ಇ ಬಗ್ಗೆ 2000ದಲ್ಲೇ ದೊಡ್ಡ ಪರೀಕ್ಷೆ ಆಗಿ ಲಾಭವಿಲ್ಲ ಅಂತ ಗೊತ್ತಾಗಿದೆ. ಮೆಗ್ನೀಸಿಯಂ ಡ್ರಿಪ್ ಮೊದಲು ಆಸೆ ಹುಟ್ಟಿಸಿತು, 1995ರಲ್ಲಿ 58,050 ರೋಗಿಗಳ ಮೇಲೆ ನೋಡಿದಾಗ ಏನೂ ಸಿಗಲಿಲ್ಲ. ಹೃದಯವನ್ನು ಕೊಬ್ಬಿನಿಂದ ಗ್ಲೂಕೋಸಿಗೆ ತಿರುಗಿಸುವ ಟ್ರೈಮೆಟಾಜಿಡಿನ್ ಮಾತ್ರೆಯನ್ನು ಆಂಜಿಯೋಪ್ಲಾಸ್ಟಿ ಆದ 6,007 ಜನಕ್ಕೆ ಕೊಟ್ಟು 2020ರಲ್ಲಿ ಲೆಕ್ಕ ನೋಡಿದರು, ಅಲ್ಲೂ ವ್ಯತ್ಯಾಸ ಕಾಣಲಿಲ್ಲ. ಎದೆನೋವಿಗೆ ಅಂತ ನಿಮ್ಮ ಡಾಕ್ಟರ್ ಅದನ್ನು ಬರೆದಿದ್ದರೆ ನಿಲ್ಲಿಸಬೇಡಿ, ಅದಕ್ಕೆ ಬೇರೆ ಕಾರಣ ಇರುತ್ತದೆ. ಕೋ-ಕ್ಯೂ10 ಬಗ್ಗೆ ಹೃದಯ ಸೋತವರಲ್ಲಿ ಒಂದು ಚಿಕ್ಕ ಅಧ್ಯಯನ ಒಳ್ಳೆಯ ಮಾತಾಡಿದೆ. ದುಡ್ಡಿದ್ದರೆ, ಡಾಕ್ಟರಿಗೆ ಹೇಳಿ ತಗೊಳ್ಳಿ. ದುಡ್ಡು ಕಡಿಮೆ ಇದ್ದರೆ ಮೊದಲು ಸ್ಟಾಟಿನ್ (ಮೇಲೆ ಹೇಳಿದ ಕೊಲೆಸ್ಟರಾಲ್ ಮಾತ್ರೆ) ತಗೊಳ್ಳಿ.

ಅದರ ಬದಲು ಮನೆಗೆ ಒಂದು ತೂಕದ ಯಂತ್ರ ತನ್ನಿ. ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ಹತ್ತಿ ನಿಲ್ಲಬೇಕು. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಮೈ ಬಂದದ್ದಲ್ಲ, ನೀರು ನಿಂತದ್ದು. ಕಾಲು ಊದುವುದು, ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು ಆಮೇಲೆ ಬರುತ್ತವೆ. ಅಷ್ಟರವರೆಗೆ ಕಾಯದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಅಪ್ಪ ತೂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ, ಅವತ್ತಿನ ಕೊಬ್ಬರಿ ರೇಟಿನ ಪಕ್ಕದಲ್ಲಿ. ಹೋದ ವಾರ ಫೋನ್ ಮಾಡಿ 'ಎರಡೂ ಏರಿದೆ ಕಣಮ್ಮ' ಅಂದರು. ರೇಟ್ ಬಿಡಿ, ತೂಕ ಎಷ್ಟು ಅಂದೆ. ಮೂರು ದಿನದಲ್ಲಿ ಒಂದೂವರೆ ಕೆ.ಜಿ. ಮದುವೆ ಮನೆ ಊಟ, ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡರಂತೆ.